ಮರಿಮೀನಿನ ಎಣಿಕೆ

ಗಾಳಿ ಇಳಿದು ಕಡಲು ಮಟ್ಟಸವಾದ ತಿಂಗಳು. ಅಮಾವಾಸ್ಯೆ ಕಳೆದ ಮೂರನೆಯ ಬೆಳಿಗ್ಗೆ. ಹವಳದ ದಿಬ್ಬ ದೂರವಿರುವಾಗಲೇ ದೋಣಿಯವನು ಎಂಜಿನ್ ಆರಿಸಿ ಹುಟ್ಟು ಹಿಡಿದ. ಸದ್ದಾದರೆ ಮರಿಮೀನು ಹತ್ತಿರ ಸುಳಿಯುವುದಿಲ್ಲ. ಮೈಕ್ ನೀರಿಗಿಳಿದ ಮೇಲಂತೂ ಕೆಮ್ಮುವ ಹಾಗೂ ಇಲ್ಲ. ಮೊದಲ ದಿನ ಹಲಗೆ ತಟ್ಟುತ್ತ ಹಾಡಿ ರೆಕಾರ್ಡಿಂಗ್ ಕೆಡಿಸಿದ್ದ. "ದಿಬ್ಬದ ಸದ್ದು ಹಿಡಿಯೋಕೆ ಬಂದ್ರೆ ನಿಮ್ಮ ಸಂಗೀತ ಕಚೇರಿ ಸಿಕ್ತು" ಎಂದು ಮರಿಮೀನಿನ ಸಂಶೋಧನೆಗೆ ಬಂದಿದ್ದ ಮೇಡಂ ನಕ್ಕಿದ್ದಳು.

ಈಗ ಅವಳು ಬಲೆಪೆಟ್ಟಿಗೆಯಿಂದ ಗಾಜಿನಂಥ ಮರಿಯೊಂದನ್ನು ಬೊಗಸೆಗೆ ತೆಗೆದುಕೊಂಡಳು.

"ಒಂದು ತಿಂಗಳು ನಡುಗಡಲಲ್ಲಿ ಅಲೆದು, ದಿಬ್ಬದ ಚಿಟಿಚಿಟಿ ಸದ್ದು ಕೇಳಿ ಬಂದಿದೆ."

"ಬಂದ ಕೂಡ್ಲೇ ಇದ್ದುಬಿಡುತ್ತಾ?"

"ಎಲ್ಲಿ! ನೋಡುತ್ತೆ, ಮೂಸುತ್ತೆ, ತನ್ನವರು ಇದ್ದಾರಾ ಅಂತ ಹುಡುಕುತ್ತೆ. ಒಂದ್ಸಲ ಕೂತ್ರೆ ಮಾತ್ರ ಏಳೋದು ಕಷ್ಟ."

"ಬಾಡಿಗೆ ಮನೆ ಹುಡುಕೋರ ಥರ. ನೀರಿಗೆ ತೊಂದರೆ ಇಲ್ಲ ಅಂತ ಹೇಳಿ ಅದಕ್ಕೆ."

ಅವಳು ನಕ್ಕು, ಮರಿಯನ್ನು ಬಿಟ್ಟು, ಮೈಕ್ ಇಳಿಬಿಟ್ಟು ಹೆಡ್‌ಫೋನ್ ಹಾಕಿಕೊಂಡಳು. ಬಹಳ ಹೊತ್ತು ಕೇಳಿದಳು. ಆಮೇಲೆ ಅದನ್ನು ಕತ್ತಿಗೆ ಜಾರಿಸಿ ಅವನನ್ನೇ ನೋಡಿದಳು.

"ದೂರದ ಊರಿನ ಕೆಲಸಕ್ಕೆ ಇವತ್ತೇ ಉತ್ತರ ಕೊಡ್ಬೇಕು. ಇಲ್ಲಿ ಯಾರಾದ್ರೂ 'ಇರು' ಅಂದ್ರೆ, ಹೋಗಲ್ಲ."

'ಇರಿ' ಎಂಬುದು ಅವನ ನಾಲಿಗೆಯ ತುದಿಗೆ ಬಂದಿತ್ತು. ಕರಿಯ ವೈರು ನೀರಿನಲ್ಲಿತ್ತು. ಮೈಕ್ ಇರುವುದನ್ನು ಅವಳು ಮರೆತಿರಬಹುದು, ತಾನು ಮತ್ತೆ ಕೆಲಸ ಕೆಡಿಸಬಾರದು, ದಡ ಮುಟ್ಟಲಿ ಎಂದುಕೊಂಡ. ತುಟಿಯ ಮೇಲೆ ಬೆರಳಿಟ್ಟು ಅಡ್ಡಡ್ಡ ತಲೆಯಾಡಿಸಿದ.

ಅವಳ ಮುಖ ಇಳಿಯಿತು. "ಸರಿ" ಎಂದು ವೈರು ಸುತ್ತತೊಡಗಿದಳು. ದಡ ಬಂದದ್ದೇ ಧುಮುಕಿ, ಫೋನ್ ಕಿವಿಗಿಟ್ಟು ನಡೆದುಬಿಟ್ಟಳು.

"ಏನೋ, ಜಗಳವಾ?" ಎಂದಳು ದಡದಲ್ಲಿ ಮೀನು ಆರಿಸುತ್ತಿದ್ದ ಅವನ ಅತ್ತಿಗೆ.

"ನೀರಿಗೆ ಮೈಕ್ ಬಿಟ್ಟಿದ್ರು. ಮಾತಾಡೋಕಾಗ್ಲಿಲ್ಲ."

"ಅಯ್ಯೋ ಮಂಕೇ! ರೆಕಾರ್ಡರ್ ನಿನ್ನೇನೇ ಪಾರ್ಸಲ್ ಹೋಯ್ತಲ್ಲೋ, ಇವತ್ತು ಬರೀ ಕೇಳೋಕೆ ಬಿಟ್ಟಿರ್ತಾರೆ. ನಾನೇ ದಾರ ಕಟ್ಟಿದ್ದು."

ಅವನು ಓಡಿದ. ಮೇಡಂ ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. "ಆ ಕೆಲಸಕ್ಕೆ ಬರ್ತೀನಿ ಅಂತ ಹೇಳಿಬಿಟ್ಟೆ" ಎಂದಳು. "ಒಳ್ಳೇದಾಯ್ತು ಮೇಡಂ" ಎಂದುಬಿಟ್ಟ. ಅದೇಕೆ ಹಾಗೆಂದೆ ಎಂದು ಅವನಿಗೆ ಇವತ್ತಿಗೂ ತಿಳಿಯದು.

ಎರಡು ವರ್ಷವಾಯಿತು. ಅಮಾವಾಸ್ಯೆ ಕಳೆದ ಮೇಲೆ ಬಲೆಪೆಟ್ಟಿಗೆಗೆ ಬಿದ್ದ ಮರಿಗಳ ಎಣಿಕೆಯನ್ನು ಫೋನಿನಲ್ಲಿ ಅವಳಿಗೆ ಹೇಳುವುದು ಅವನ ಕೆಲಸ.

"ಈ ಸಲ ಮೂವತ್ತೊಂದು."

"ಪರವಾಗಿಲ್ವೇ! ಸರಿ, ಇಡ್ಲಾ?"

ಅವನು ಉಸಿರು ಎಳೆದುಕೊಂಡ. "ಇರಿ."

"ಯಾಕೆ, ಎಣಿಕೆ ತಪ್ಪಿತಾ? ಇರ್ತೀನಿ, ನಿಧಾನವಾಗಿ ಎಣಿಸಿ."

ಅವನು ಮೊದಲಿನಿಂದ ಎಣಿಸತೊಡಗಿದ.