ವಾಯಾ ಅಜ್ಜಿಗೆ ಹೋಗದ ಕರೆ

"ನಮ್ಮಜ್ಜಿಗೆ ಫೋನ್ ಮಾಡಿದ್ರಾ, ಇಲ್ವಾ? ಅಷ್ಟು ಹೇಳಿ ಸಾಕು!"

ಸೊಂಟದವರೆಗೆ ಕೆಸರು ಮೆತ್ತಿಕೊಂಡಿದ್ದ ಯುವಕ ಸ್ತೆರ್ಯೊಸ್ ಪುರಸಭೆ ಕಚೇರಿಯ ಮೇಜು ಗುದ್ದಿದ. ಥೆಸಲಿ ಬಯಲಿನ ಹತ್ತಿ ಹೊಲಗಳನ್ನೆಲ್ಲ ಉಕ್ಕಿದ ನದಿ ನುಂಗಿತ್ತು. 'ಮನೆ ಬಿಟ್ಟು ಹೊರಡಿ' ಎಂದು ಊರವರಿಗೆಲ್ಲ ತಾನೇ ಕರೆ ಮಾಡುವ ಪ್ರೋಗ್ರಾಂ ಬರೆದವಳು ಪುರಸಭೆಯ ಮಿರ್ಸಿನಿ. ಅವನ ಕಣ್ಣು ಎದುರಿಸಲಾಗದೆ ಅವಳು ತಲೆ ತಗ್ಗಿಸಿದಳು.

"ಎಲ್ಲರಿಗೂ ಮಾಡಿದ್ವಿ..." ಎಂದುಬಿಟ್ಟಳು.

ಅವನು ಕುಸಿದು ಕುಳಿತ. "ಹಾಗಾದ್ರೆ ಕೇಳಿಸ್ಕೊಂಡೂ ಮನೇಲೇ ಕೂತು ಮುಳುಗಿದ್ಲು ಮುದುಕಿ! ನನಗಿಂತ ಸಾಕಿದ ಕೋಳಿಗಳೇ ಹೆಚ್ಚಾದ್ವು ಅವಳಿಗೆ..."

ಅವನು ಹೋದ ಮೇಲೆ ಮಿರ್ಸಿನಿ ಕಂಪ್ಯೂಟರ್ ತೆರೆದಳು. ಪಟ್ಟಿಯೊಳಗೆ ಒಬ್ಬೊಬ್ಬರಿಗೂ ಒಂದೊಂದು ಡಿಕ್ಷನರಿ, ಅಂದರೆ ವಿವರದ ಚೀಟಿಯಂಥದ್ದು. ಹೆಸರು, ಊರು, ಮೊಬೈಲ್... ಒಂದೊಂದರ ಎದುರಿಗೂ ಅವರವರ ವಿವರ. ಪ್ರೋಗ್ರಾಂ ಒಬ್ಬೊಬ್ಬರನ್ನೇ ನೋಡುತ್ತಾ 'ಮೊಬೈಲ್' ಎದುರಿನ ಸಂಖ್ಯೆ ತೆಗೆದು ಕರೆ ಮಾಡಬೇಕು. ನೆರೆ ಬಂದ ಸಂಜೆ ಅದು 'ಮೊಬೈಲ್' ಸಿಗಲಿಲ್ಲವೆಂದು ಒಂದು ಕಡೆ ನಿಂತುಬಿಟ್ಟಿತ್ತು. ನೀರು ಏರುತ್ತಿತ್ತು. ಯಾರದೆಂದೂ ನೋಡದೆ, ಸಿಗದಿದ್ದರೆ ಸುಮ್ಮನೆ ಮುಂದೆ ಹೋಗಲಿ ಎಂದು ಅವಳು ಪ್ರೋಗ್ರಾಂನ ಒಂದು ಸಾಲು ತಿದ್ದಿದ್ದಳು. ಉಳಿದವರಿಗೆಲ್ಲ ಕರೆ ಹೋಗಿತ್ತು.

ಈಗ ನೋಡಿದಳು. ವಾಯಾ ಅಜ್ಜಿಯ ವಿವರದಲ್ಲಿ 'ಮೊಬೈಲ್' ಇರಲೇ ಇಲ್ಲ. 'ಮನೆ ಫೋನ್' ಎಂದಿತ್ತು.

'ಅಯ್ಯೋ... ನಾನೇ ಅಲ್ವಾ!'

ಅವನಿಗೆ ನಿಜ ಹೇಳಲಿಲ್ಲ. ಬದಲಿಗೆ ಗುದ್ದಲಿ ಹಿಡಿದು ಅಜ್ಜಿಯ ಮನೆಯ ಕೆಸರು ತೆಗೆಯಲು ಹೋದಳು. ಮರುದಿನವೂ ಹೋದಳು. ಸ್ತೆರ್ಯೊಸ್ ಟ್ರ್ಯಾಕ್ಟರ್ ರಿಪೇರಿ ಮಾಡುವವನು, ಮಾತು ಕಡಿಮೆ. ಅವಳಿಗೆಂದು ಕಾಫಿ ತರತೊಡಗಿದ. ಒಂದು ದಿನ ಅವಳ ಕೆನ್ನೆಯ ಕೆಸರು ಒರೆಸಿ, "ನೀನಿದ್ರೆ ಮಾತ್ರ ಈ ಮನೆಯೊಳಗೆ ಉಸಿರಾಡ್ತೀನಿ ಕಣೇ" ಎಂದ.

ಅವಳಿಗೆ ಅಳು ಉಕ್ಕಿತು. ಎಷ್ಟು ಬೇಕಾಗಿತ್ತು ಅವಳಿಗೆ ಈ ಮಾತು!

"ಅಜ್ಜಿ ತೀರಿದ ನಲವತ್ತನೇ ದಿನದ ಪೂಜೆಗೆ, ಚರ್ಚಲ್ಲಿ ಹಂಚೋ ಗೋಧಿ ಬೇಯಿಸೋಕೆ ಕೊಡೋಣ್ವಾ?" ಎಂದು ಕೇಳಿದಳು.

"ನಾನು ಚರ್ಚಿಗೆ ಬರಲ್ಲ. ಬೇಕಂತಲೇ ಸತ್ತವಳಿಗೆ ಎಂಥ ಪೂಜೆ?"

ಆ ಮಾತು ಅವಳನ್ನು ಇರಿಯಿತು. ಅಜ್ಜಿಯನ್ನು ನೀರು ಒಯ್ದಿತ್ತು. ಆದರೆ ಅವನ ಮನಸ್ಸಿನಿಂದ ಅವಳನ್ನು ಕಿತ್ತುಹಾಕುತ್ತಿದ್ದದ್ದು ತನ್ನ ಸುಳ್ಳು. ಹೇಳಿದರೆ ಇವನು ಹೋಗುತ್ತಾನೆ... ಹೇಳದಿದ್ದರೆ?

"ಅವಳಿಗೆ ಕರೆ ಹೋಗಲೇ ಇಲ್ಲ ಸ್ತೆರ್ಯೊಸ್."

ಎಲ್ಲವನ್ನೂ ಹೇಳಿದಳು. ತಿದ್ದಿದ ಸಾಲು, ಆಡಿದ ಸುಳ್ಳು, ಒಂದನ್ನೂ ಬಿಡಲಿಲ್ಲ.

ಅವನು ಕೈಯಲ್ಲಿದ್ದ ಗುದ್ದಲಿ ಕೆಳಗಿಟ್ಟ. "ಕೇಳಿಸಿದ್ರೆ... ಬರ್ತಿದ್ಲಾ?"

"ಬರ್ತಿದ್ಲು."

ಮೊದಲ ಬಾರಿಗೆ ಅವನು ಬಿಕ್ಕಿಬಿಕ್ಕಿ ಅತ್ತ. ಆಮೇಲೆ ಮುಖ ತಿರುಗಿಸಿ, "ಹೋಗು ಇಲ್ಲಿಂದ" ಎಂದ.

ಹೋದಳು. ಕಾಫಿ ಬರಲಿಲ್ಲ, ಫೋನೂ ಬರಲಿಲ್ಲ. ಮುಗಿಯಿತು ಎಂದುಕೊಂಡಳು.

ನಲವತ್ತನೇ ದಿನ ಚರ್ಚಿನ ಹಿಂದಿನ ಸಾಲಿನಲ್ಲಿ, ಯಾರಿಗೂ ಕಾಣದಂತೆ ನಿಂತಿದ್ದಳು. ಪೂಜೆ ಮುಗಿದ ಮೇಲೆ ಸ್ತೆರ್ಯೊಸ್ ಗೋಧಿಯ ಪೊಟ್ಟಣ ಹಂಚುತ್ತಾ ಬಂದು ಅವಳೆದುರು ನಿಂತ. ಗಡ್ಡ ಬೆಳೆದಿತ್ತು. ಕಣ್ಣು ಊದಿಕೊಂಡಿತ್ತು.

"ತಗೋ."

ಪೊಟ್ಟಣ ಹಿಡಿದು, ಗೋಧಿ ಪಡೆದವರೆಲ್ಲ ಸತ್ತವರಿಗಾಗಿ ಹೇಳುವ ಮಾತನ್ನೇ ಅವಳೂ ಪಿಸುಗುಟ್ಟಿದಳು. "ದೇವರು ಅಜ್ಜಿಯನ್ನ ಕ್ಷಮಿಸಲಿ."

"ಅವಳದೇನು ತಪ್ಪು? ನೀನು ಸುಳ್ಳು ಹೇಳಿದೆ. ನಾನು ನಂಬಿ ಅವಳನ್ನ ಬೈದೆ. ನಮ್ಮಿಬ್ಬರನ್ನ ಕ್ಷಮಿಸಲಿ ಅನ್ನು."

"ಸ್ತೆರ್ಯೊಸ್... ನಾನು ನಿನ್ನ ಪಕ್ಕದಲ್ಲಿ ನಿಂತ್ಕೊಳ್ಲಾ?"

ಅವನು ಸ್ವಲ್ಪ ಸರಿದು ಜಾಗ ಮಾಡಿದ.

"ನಿಂತ್ಕೋ. ಇವತ್ತು ಏನೂ ಮಾತಾಡ್ಬೇಡ, ಅಷ್ಟೇ."