ಪೈಪಿನೊಳಗಿನ ಸೀ ನೀರು

“ನನ್ನ ಬೋರು ಬತ್ತಿಸಿದಿ, ಈಗ ನಿನ್ನ ಮಿಷನ್ನೂ ಸತ್ತೈತಿ. ಛಲೋ ಆತು!”

“ಬಾಯಿ ಮುಚ್ಚು ನಿಜಲಿಂಗಪ್ಪ! ನೀನ ಕೆಡಿಸಿ, ನೀನ ನಗಾಕ ಬಂದೀಯೇನು?”

ಬೆಟಗೇರಿಯ ಶಾರದವ್ವನ ಮಗ್ಗದ ಶೆಡ್ಡಿನ ಮುಂದೆ ಅವಳೂ ಪಕ್ಕದ ಮನೆಯ ನಿಜಲಿಂಗಪ್ಪನೂ ಕೈ ಮಾಡುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ದೂರು ಕೇಳಿ ಪೊಲೀಸ್ ಠಾಣೆಯ ಎ.ಎಸ್.ಐ. ಹನಮಂತವ್ವ ಬೈಕು ನಿಲ್ಲಿಸಿದರು. ಅಂಗಳದಲ್ಲಿ ಬಿದಿರಿಗೆ ಒಣಹಾಕಿದ್ದ ಕೆಂಪು ನೂಲಿನ ಲಡಿಗಳ ಕೆಳಗೆ ಬಗ್ಗಿ ಬಂದರು. ಒಂದು ಹನಿ ಅವರ ತೋಳಿನ ಮೇಲೆ ಬಿತ್ತು.

“ಜಗಳ ಆಮ್ಯಾಲೆ. ಏನಾಗೇತಿ, ಅದನ್ನ ಹೇಳ್ರಿ.”

ಆಗಿದ್ದು ಇಷ್ಟು. ಪ್ರಯೋಗಕ್ಕೆಂದು ಸರ್ಕಾರದವರು ಶೆಡ್ಡಿನ ಹಿಂದೆ ನೆಲದಾಳಕ್ಕೆ ಪೈಪು ಇಳಿಸಿ ತಂಪಿನ ಯಂತ್ರ ಕೂರಿಸಿದ್ದರು. ಅದರೊಳಗೆ ನೀರು ಸುತ್ತುತ್ತದೆ. ಶೆಡ್ಡಿನ ಸೆಕೆಯನ್ನು ಹೊತ್ತೊಯ್ದು ನೆಲಕ್ಕೆ ಬಿಟ್ಟು, ತಣ್ಣಗಾಗಿ ವಾಪಸ್ಸು ಬರುತ್ತದೆ. ಬೇಸಿಗೆಯ ಮಧ್ಯಾಹ್ನ ತಗಡಿನ ಕೆಳಗೆ ಕೂರಲಾಗದೆ ಮನೆಗೆ ಹೋಗುತ್ತಿದ್ದ ಹೆಂಗಸರು ಈ ವರ್ಷ ಸಂಜೆವರೆಗೂ ನೇಯ್ದಿದ್ದರು. ಬಿಸಿಲು, ಗಾಳಿಯಂತೆ ನೆಲದ ತಂಪೂ ತೀರದ ಇಂಧನವೇ, ಅದನ್ನೂ ರಾಜ್ಯದ ನೀತಿಯಲ್ಲಿ ಸೇರಿಸಬೇಕು ಎಂಬ ಮಾತು ನಡೆದಿತ್ತು. ಕಪ್ಪತಗುಡ್ಡದ ಗಾಳಿಯಂತ್ರಕ್ಕೆ ಇರುವ ಮಾನ್ಯತೆ ಇದಕ್ಕೂ ಬೇಕೆಂದರೆ ಬರೀ ಮಾತು ಸಾಲದು, ಓಡುವ ಯಂತ್ರ ಕಣ್ಣಿಗೆ ಕಾಣಬೇಕು. ಅದನ್ನು ನೋಡಲು ಅಧಿಕಾರಿಗಳು ಇವತ್ತೇ ಮಧ್ಯಾಹ್ನ ಬರುವವರಿದ್ದರು. ಓಡಿದರೆ ಯಂತ್ರ ಶಾರದವ್ವನ ಶೆಡ್ಡಿಗೇ ಉಳಿಯುತ್ತದೆ. ಓಡದಿದ್ದರೆ ಕಿತ್ತುಕೊಂಡು ಹೋಗುತ್ತಾರೆ.

ಬೆಳಿಗ್ಗೆ ಗುಂಡಿ ಒತ್ತಿದರೆ ಪಂಪು ಗುರ್ ಎಂದು ನಿಂತುಬಿಟ್ಟಿತ್ತು.

ಯಂತ್ರ ಕೂರಿಸಿದ ಮಿಸ್ತ್ರಿ ನವಾಜ ಫಿಲ್ಟರ್ ಬಿಚ್ಚಿ ತೋರಿಸಿದ. ಅದರ ತುಂಬ ಬೂದು ಕೆಸರು.

“ನಾ ತುಂಬಿದ್ದು ನಲ್ಲಿಯ ಸೀ ನೀರು, ಮೇಡಮ್. ಸೋಸಿ ತುಂಬೇನಿ. ಇದು ಎಲ್ಲಿಂದ ಬಂತೋ ಖಬರಿಲ್ಲ.”

“ಪೈಪು ಒಡದೈತೇನು?”

“ಒಡದಿದ್ರ ನೀರು ಕಮ್ಮಿ ಆಗಬೇಕಿತ್ರಿ. ಇದ್ದಷ್ಟ ಐತಿ.”

ಹನಮಂತವ್ವ ಪೈಪಿನ ನೀರನ್ನು ಅಂಗೈಗೆ ಸುರಿಸಿಕೊಂಡು ಸಾಬೂನು ತಿಕ್ಕಿದರು. ನೊರೆ ಏಳಲಿಲ್ಲ.

“ಸವಳ ನೀರು. ಬೋರಿಂದು. ಈ ಪಂಪಿನ ಕೋಲಿ ಕೀಲಿ ಯಾರ ಕಡೆ ಇರತೈತಿ?”

“ಬಾಗಲ ಹಿಂದಿನ ಮೊಳಿಗೆ ಇರತೈತ್ರಿ,” ಎಂದಳು ಶಾರದವ್ವ. “ನಿನ್ನಿ ಅಮಾಸಿ. ನಾವು ಮಗ್ಗ ಮುಟ್ಟಂಗಿಲ್ಲ. ಇಲ್ಲಿ ಒಂದು ನರಪಿಳ್ಳಿ ಇದ್ದಿಲ್ಲ. ಗ್ವಾಡಿ ಆಚಿ ಮಾತ್ರ ಇಂವ ಇದ್ದ!”

ಹನಮಂತವ್ವ ನಿಜಲಿಂಗಪ್ಪನ ಕಡೆ ತಿರುಗಿದರು.

“ಮಿಷನ್ ಬಂದ್ ಮಾಡಸ್ತೀನಿ ಅಂದಿದ್ರಂತ?”

“ಅಂದೀನಿ. ಇವತ್ತೂ ಅಂತೀನಿ. ನನ್ನ ನೀರು ಎಳಕೊಂಡೈತಿ ಅದು.”

ನವಾಜನ ತಾಳ್ಮೆ ತಪ್ಪಿತು. “ಎಷ್ಟು ಸಲ ಹೇಳಬೇಕ್ರಿ ಯಜಮಾನ್ರ? ಅದು ನೆಲದ ತಂಪಷ್ಟ ತಗೋತೈತಿ. ನೆಲದ ನೀರು ಒಂದು ಹನಿ ಮುಟ್ಟಂಗಿಲ್ಲ!”

“ನಿನ್ನ ತಂಪು ನಿನ್ನ ತಲಿ ಮ್ಯಾಲೆ ಇಟ್ಕೋ!”

ಹನಮಂತವ್ವ ಗೋಡೆಯಾಚೆ ಇಣುಕಿದರು. ನಿಜಲಿಂಗಪ್ಪನ ಬ್ಯಾರಲ್ಲುಗಳು ಬೋರಲು ಬಿದ್ದಿದ್ದವು. ಬೋರಿನ ಬಾಯಲ್ಲಿ ಜೇಡ ಬಲೆ ಕಟ್ಟಿತ್ತು.

“ನಲ್ಲಿ ಬಂದು ಎಷ್ಟು ದಿನ ಆತು?”

“ಎರಡು ವಾರ ದಾಟೇತ್ರಿ,” ಎಂದ ನವಾಜ. “ಓಣ್ಯಾಗ ಕುಡಿಯಾಕ ಸಾಲವಲ್ದು.”

ಒಲೆಯ ಹತ್ತಿರ ಬಣ್ಣಗಾರ ಮುತ್ತಣ್ಣ ಕೊಪ್ಪರಿಗೆ ತಿಕ್ಕುತ್ತಿದ್ದ. ಶಾರದವ್ವನ ನೂಲಿಗೆ ಬಣ್ಣ ಹಾಕುತ್ತಲೇ ತಲೆ ನರೆತವನು. ಇಷ್ಟು ಗದ್ದಲಕ್ಕೂ ತಲೆ ಎತ್ತಿರಲಿಲ್ಲ.

“ನೀ ನಿನ್ನಿ ಬಂದಿದ್ದೇನಪಾ?”

“ಇಲ್ರಿ. ಅಮಾಸಿ.”

ಹನಮಂತವ್ವ ಕಟ್ಟೆಯ ಮೇಲೆ ಕೂತರು.

“ಕೆಟ್ಟ ನೀರು ಯಾರು ಹಾಕಿದ್ರು ಅಂತ ಮುಂಜಾನಿಂದ ಬಡದಾಡಾಕತ್ತೀರಿ. ಒಳಗಿದ್ದ ಸೀ ನೀರು ಎಲ್ಲಿ ಹೋತು — ಒಬ್ರರ ಕೇಳಿದ್ರೇನು?”

ಹನಮಂತವ್ವ ಒಂದೊಂದೇ ಬೆರಳು ಮಡಚತೊಡಗಿದರು.

“ಮಿಷನ್ ಕೆಡಿಸಬೇಕು ಅನ್ನಾಂವ ಪೈಪು ಕೊಯ್ದು ಹೋಗ್ತಾನ. ತಗದಷ್ಟು ನೀರು ತುಂಬಿ ಇಡಂಗಿಲ್ಲ. ಇಲ್ಲಿ ತುಂಬಿ ಇಟ್ಟಾರ. ಯಾಕ? ಗೊತ್ತಾಗಬಾರದು ಅಂತ. ಇದನ್ನ ಮಾಡಿದಾಂವಗ ಮಿಷನ್ನಿನ ಮ್ಯಾಲೆ ಸಿಟ್ಟಿಲ್ಲ, ನೀರು ಬೇಕಾಗಿತ್ತು. ನಿಜಲಿಂಗಪ್ಪನ ಬೋರಿನಾಗ ಜಾಡ ಮನಿ ಮಾಡೇತಿ. ಒಳಗ ತುಂಬಾಕ ಸವಳ ನೀರರ ಎಲ್ಲಿಂದ ತರಬೇಕು ಅಂವ? ಈ ಶೆಡ್ಡಿನ ಬೋರು ನಡೀತೈತಿ. ನವಾಜ, ಆ ಬೋರಿನ ನೀರು ಪೈಪಿನ ಒಂದು ಬಾಯಿಗೆ ಬಿಟ್ರ?”

“ಇನ್ನೊಂದು ಬಾಯಿಂದ ಒಳಗಿನ ನೀರು ಹೊರಗ ಬರತೈತ್ರಿ. ನಾ ತುಂಬುವಾಗ ಮುತ್ತಣ್ಣ ಕಾಕಾ ಬಾಜೂಕ ನಿಂತು...”

ನವಾಜ ನಾಲಿಗೆ ಕಚ್ಚಿಕೊಂಡ.

“ಶಾರದವ್ವ, ಹೋದ ಸಲ ಬಣ್ಣ ಹಾಕಿದ್ದು ಒಂದು ಲಡಿ ತರ್ರಿ.”

ಶಾರದವ್ವ ತಂದಳು. ಹನಮಂತವ್ವ ಅದನ್ನು ಬಿದಿರಿನ ಲಡಿಯ ಪಕ್ಕ ಹಿಡಿದರು. ಹಳೆಯದು ಹಳೇ ಇಟ್ಟಿಗೆಯಂತೆ ಮಂಕು. ಹೊಸದು ಮಾಗಿದ ಮೆಣಸಿನಕಾಯಿ.

“ಅದು ಸವಳ ನೀರಿನ ಕೆಂಪು. ಇದು ಸೀ ನೀರಿಂದು. ಓಣ್ಯಾಗೆಲ್ಲೂ ಸೀ ನೀರಿಲ್ಲ, ಲಡಿ ಇನ್ನೂ ಹನಿ ಹಾಕಾಕತ್ತೈತಿ. ನಿನ್ನಿ ಬರದಾಂವ ಇದನ್ನ ಯಾವಾಗ ಅದ್ದಿದಿ ಮುತ್ತಣ್ಣ? ಯಾವ ನೀರಾಗ?”

ಮುತ್ತಣ್ಣ ಕೊಪ್ಪರಿಗೆ ಬಿಟ್ಟು ಎದ್ದ.

“ನಿನ್ನಿ ರಾತ್ರಿ ಅದ್ದೀನ್ರಿ. ಪೈಪಿನಾಗ ಸುಮ್ನ ಸುತ್ತೋ ನೀರು, ಸೀ ಆದ್ರೇನು, ಸವಳ ಆದ್ರೇನು ಅನಕೊಂಡೆ. ಮಿಷನ್ ನಿಲ್ಲತೈತಿ ಅಂತ ಗೊತ್ತಿದ್ದಿಲ್ಲ.” ಶಾರದವ್ವನನ್ನು ನೋಡಿದ. “ಎರಡು ಸಲ ಬಣ್ಣ ಮಂಕಾತು. ಇನ್ನೊಮ್ಮೆ ಆದ್ರ ಲಕ್ಷ್ಮೇಶ್ವರದ ಬಣ್ಣಗಾರಗ ಕೆಲಸ ಕೊಡ್ತೀನಿ ಅಂದ್ರಿ, ಅಕ್ಕಾ.”

“ನೀರು ಬೇಕು ಅಂತ ಕೇಳಾಕ ಏನಾಗಿತ್ತಲೇ ನಿನಗ?”

“ಕೇಳಿದ್ದೆ. ಇದ್ದ ಸೀ ನೀರೆಲ್ಲಾ ಮಿಷನ್ನಿಗೆ ಬೇಕು ಅಂದ್ರಿ.”

ಶಾರದವ್ವ ಬಿದಿರಿನ ಕೆಂಪು ಲಡಿಗಳ ಕಡೆ ತಿರುಗಿದಳು.

“ಫಿಲ್ಟರ್ ತೊಳದು ಹಾಕ್ತೀನ್ರಿ,” ಎಂದ ನವಾಜ ಮೆಲ್ಲಗೆ. “ಇವತ್ತು ಈ ನೀರಿನಾಗ ಓಡತೈತಿ. ನಲ್ಲಿ ಬಂದ ದಿನ ಬದಲಿ ಮಾಡಿದ್ರಾತು.”

“ಕೇಸು ಬರೀಲೇನ್ರಿ?” ಹನಮಂತವ್ವ ಕೇಳಿದರು.

“ಏನೂ ಬ್ಯಾಡ,” ಎಂದಳು ಶಾರದವ್ವ.

“ಮೊದಲ ನನ್ನ ಮ್ಯಾಲೆ ಹಾಕಿದ ಮಾತು ವಾಪಸ್ ತಗೋ!” ನಿಜಲಿಂಗಪ್ಪ ಗೋಡೆಯ ಬಳಿಯಿಂದ ಕೂಗಿದ.

ಮುತ್ತಣ್ಣ ಕೈ ಒರೆಸಿಕೊಂಡು, ಟವೆಲ್ಲು ಹೆಗಲಿಗೆ ಹಾಕಿ, ಕೆಂಪು ಲಡಿಗಳ ಕೆಳಗೆ ಬಗ್ಗಿ ರಸ್ತೆಗಿಳಿದ.

“ಮುತ್ತಣ್ಣಾ, ಚಾ ಕುಡದು ಹೋಗು! ಏ, ಬಾ ಇಲ್ಲೆ!” ಶಾರದವ್ವ ಕೂಗಿದಳು.

ಅವನು ಹಿಂದೆ ನೋಡಲಿಲ್ಲ.

ಮಧ್ಯಾಹ್ನ ಅಧಿಕಾರಿಗಳು ಬಂದರು. ಯಂತ್ರ ಓಡಿತು. ತಗಡಿನ ಕೆಳಗೆ ತಂಪಿನಲ್ಲಿ ಕೂತು ನೇಯುವ ಹೆಂಗಸರನ್ನು ನೋಡಿ ತಲೆದೂಗಿದರು; ಯಂತ್ರ ಇಲ್ಲೇ ಇರಲಿ ಎಂದು ಹೇಳಿ ಹೋದರು. ನಲ್ಲಿ ಬಂದ ದಿನದಿಂದ ಆ ಕೆಂಪು ನೂಲು ಮುಗಿಯುವವರೆಗೂ ಶಾರದವ್ವ ಒಲೆಯ ಹತ್ತಿರ ಒಂದು ಬ್ಯಾರಲ್ ಸೀ ನೀರು ತುಂಬಿಸಿ ಇಟ್ಟಿದ್ದಳು. ಮುತ್ತಣ್ಣ ಬರಲಿಲ್ಲ.