ಭೂಕಂಪಕ್ಕೂ ಕಡಿಯದ ಲೈನು

"ಬಗ್ಗು!"

ಬೈಕಿನ ಹಿಂದೆ ಕೂತಿದ್ದ ನೆನೆಂಗ್ ಬಗ್ಗಿದಳು. ಲಾಠಿ ನನ್ನ ಹೆಲ್ಮೆಟ್ಟಿಗೆ ಬಡಿಯಿತು. ಟಣ್!

ಬೇರೆಯವನಾಗಿದ್ದರೆ ಅಲ್ಲೇ ಮಣ್ಣು ಮುಕ್ಕುತ್ತಿದ್ದ. ನಾನು ತಾತಾಂಗ್, ಬೀದಿಯ ಹುಡುಗರಿಗೆಲ್ಲ 'ಕಾಂಗ್', ಅಂದರೆ ಅಣ್ಣ! ಬಾಂಡುಂಗ್‌ನಲ್ಲಿ ನನ್ನ ಬೈಕು ಹಿಡಿಯುವ ಪೊಲೀಸಪ್ಪ ಇನ್ನೂ ಹುಟ್ಟಿಲ್ಲ.

"ಬೇಗ, ಕಾಂಗ್! ಕಾಲೇಜಿನ ಹಿಂಬಾಗಿಲಲ್ಲಿ ಮಫ್ತಿ ಪೊಲೀಸ್ರು ಅವನನ್ನ ಹಿಡಿಯೋಕೆ ಕಾಯ್ತಿದಾರೆ! ಗಿಲಾಂಗ್ ಅಲ್ಲಿಗೇ ಹೋಗ್ತಿದಾನೆ!"

"ಅವನ ಮನೆಗೆ ಫೋನ್ ಮಾಡೋಕೆ ನಿಂಗೇನಾಗಿತ್ತು?"

"ಮಾಡ್ದೆ! ಬೆಳಿಗ್ಗೆಯಿಂದ ನಲವತ್ತು ಸಲ! ಎಂಗೇಜ್... ಬರೀ ಎಂಗೇಜ್!"

ಆಕ್ಸಿಲರೇಟರ್ ಮೇಲೆ ನನ್ನ ಕೈ ಸಡಿಲವಾಯಿತು.

ಆ ಎಂಗೇಜ್ ಯಾರದೆಂದು ನನಗೆ ಗೊತ್ತಿತ್ತು.

ಗಿಲಾಂಗ್‌ನ ತಾಯಿ ಬು ಎಯಿಸ್, ಅಂದರೆ ಎಯಿಸಮ್ಮ, ಕಾಲೇಜು ಹುಡುಗರಿಗೆ ರೂಮು ಬಾಡಿಗೆ ಕೊಡುತ್ತಾಳೆ. ಎಂಟು ರೂಮು, ಎಂಟು ಕಂಪ್ಯೂಟರು, ಒಂದೇ ಫೋನು. ಅವಳ ಅಡುಗೆಮನೆಯಲ್ಲಿ ಅನ್ನದ ಪಾತ್ರೆಗೆ ಪೀಠವಾಗಿದ್ದ ಹಳೇ 486 ಕಂಪ್ಯೂಟರ್ ಡಬ್ಬಾ ಎತ್ತಿಕೊಂಡೆ. ಹಾರ್ಡ್ ಡಿಸ್ಕ್ ಸತ್ತಿತ್ತು. ಒಂದೇ ಒಂದು ಫ್ಲಾಪಿಯಲ್ಲಿ ಹೆಣ ಎಬ್ಬಿಸಿದೆ! ಆ ಒಂದೇ ಫೋನಿನ ತಂತಿಗೆ ಮೋಡೆಮ್ ಸಿಕ್ಕಿಸಿದೆ. ಯಾರು ಮೇಲ್ ತೆರೆದರೂ ಡಬ್ಬಾ ತಾನೇ ಡಯಲ್ ಮಾಡಿ ಎಂಟೂ ರೂಮಿಗೆ ಇಂಟರ್‌ನೆಟ್ ಹಂಚುತ್ತಿತ್ತು. ಐದು ನಿಮಿಷ ಕೆಲಸವಿಲ್ಲದಿದ್ದರೆ ಲೈನು ಬಿಟ್ಟು ಫೋನನ್ನು ಖಾಲಿ ಮಾಡುತ್ತಿತ್ತು.

ಹುಡುಗರು ನಕ್ಕರು. "ಏನ್ ಕಾಂಗ್, ನಿಮ್ ಲೈನು ಮುದುಕನ ಕೆಮ್ಮಿನ ಥರ... ನಿಂತು ನಿಂತು ಬರುತ್ತೆ!"

ನನಗೇ? ಈ ತಾತಾಂಗ್‌ಗೇ?

ಆ ದಿನಕ್ಕೆ ಮುಂಚಿನ ಸಂಜೆ, ನಿಮಿಷಕ್ಕೊಮ್ಮೆ 'ಇದ್ದೀನಿ' ಎಂದು ಡಬ್ಬಾ ಆಚೆಗೆ ಕೂಗುವಂತೆ ಒಂದು ಸಾಲು ಪ್ರೋಗ್ರಾಂ ಬರೆದೆ. ಆಮೇಲೆ ಲೈನು ಕಡಿಯಲೇ ಇಲ್ಲ. "ಭೂಕಂಪ ಆದ್ರೂ ಕಡಿಯಲ್ಲ ಕಣ್ರೋ!" ಎಂದು ಬೀದಿಯಿಡೀ ಜಂಬ ಕೊಚ್ಚಿದೆ.

ಆ ಬೆಳಿಗ್ಗೆ ಹುಡುಗರೆಲ್ಲ ಸರ್ಕಾರದ ವಿರುದ್ಧದ ಮೆರವಣಿಗೆಗೆ ಹೋಗಿದ್ದರು. ಗಿಲಾಂಗ್ ಒಬ್ಬನೇ ಹನ್ನೊಂದರವರೆಗೂ ಮನೆಯಲ್ಲಿದ್ದ. ಫೋನಿನ ಪಕ್ಕದಲ್ಲೇ ಕೂತು ತಿಂಡಿ ತಿನ್ನುತ್ತಿದ್ದ.

ಒಳಗೆ ಡಬ್ಬಾ ಕೂಗುತ್ತಿತ್ತು. ಇದ್ದೀನಿ... ಇದ್ದೀನಿ...

ಹಿಂಬಾಗಿಲು ತಲುಪಿದೆವು. ಪೊಲೀಸ್ ಲಾರಿಯ ಹೊಗೆ ಇನ್ನೂ ಕರಗಿರಲಿಲ್ಲ. ರಸ್ತೆಯಲ್ಲಿ ಒಂದೇ ಒಂದು ಚಪ್ಪಲಿ. ಹರಿದ ಪಟ್ಟಿಗೆ ತಂತಿ ಸುತ್ತಿತ್ತು. ಗಿಲಾಂಗ್‌ಗೆ ಅದನ್ನು ಸುತ್ತಿಕೊಟ್ಟವನು ನಾನೇ.

ನೆನೆಂಗ್ ಅದನ್ನು ಎತ್ತಿ ಎದೆಗವಚಿಕೊಂಡಳು.

ಮನೆಯಲ್ಲಿ ಬು ಎಯಿಸ್ ಚಪ್ಪಲಿ ನೋಡಿದಳು. ಮಫ್ತಿಯವರು ಕಾದಿದ್ದನ್ನು ನೆನೆಂಗ್ ಹೇಳಿದಳು.

"ಗೊತ್ತಿದ್ದೂ ಫೋನ್ ಮಾಡ್ಲಿಲ್ವೇನಮ್ಮ ನೀನು?"

"ಮಾಡ್ದೆ, ಬು. ಎಂಗೇಜ್ ಇತ್ತು..."

"ನಾನು ಮುಟ್ಟಿಲ್ಲ. ಅವನೂ ಮುಟ್ಟಿಲ್ಲ. ಮತ್ತೆ ಯಾರು ಅಷ್ಟು ಹೊತ್ತು ಮಾತಾಡಿದ್ದು?"

ನನಗೆ ನೂರು ಸುಳ್ಳು ಹೊಳೆದವು. ನನ್ನಂಥ ಸುಳ್ಳುಗಾರ ಜಾವಾ ದ್ವೀಪದಲ್ಲೇ ಇಲ್ಲ!

ಒಂದೂ ಬಾಯಿಗೆ ಬರಲಿಲ್ಲ.

"ಯಾರೂ ಇಲ್ಲ, ಬು. ನನ್ನ ಡಬ್ಬಾ... ಒಂದೇ ಸಮ ತನಗೆ ತಾನೇ ಕೂಗ್ತಾ ಇತ್ತು. ಲೈನು ಕಡೀಬಾರ್ದು ಅಂತ ನಾನೇ ಹಾಗೆ ಮಾಡಿದ್ದೆ."

ಅವಳು ನನ್ನನ್ನೇ ನೋಡಿದಳು. ಹೊಡೆದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಕೀಳು ಅದನ್ನ. ಠಾಣೆಯಿಂದ ಫೋನ್ ಬರಬಹುದು."

ಕಿತ್ತೆ. ಅವಳು ಡಬ್ಬಾವನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಅದರ ಮೇಲೆ ಅನ್ನದ ಪಾತ್ರೆ ಇಟ್ಟಳು. ಮಗನ ತಟ್ಟೆಯನ್ನೂ ತೊಳೆದಿಟ್ಟಳು. ಮೂವರೂ ಫೋನಿನ ಎದುರು ಕೂತೆವು.

ಇವತ್ತಿಗೆ ಹತ್ತೊಂಬತ್ತನೇ ದಿನ. ಇಡೀ ಬಾಂಡುಂಗ್‌ನಲ್ಲಿ ಇಷ್ಟು ಖಾಲಿ ಲೈನು ಇನ್ನೊಂದಿಲ್ಲ!